ರಾಶಿಯ ಮುಂದೆ ಆಯಿ ಮಾಡದ ಆಣೆ

ಮೊನ್ನೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಜೋಳದ ಕಣಿಕೆ, ಅಂದರೆ ಒಣ ದಂಟು, ಹೇರಿದ ಟ್ರ್ಯಾಕ್ಟರೊಂದು ಎದುರಿಗೇ ಕೆಟ್ಟು ನಿಂತಿತು. ಬಿಸಿಲಿಗೆ ಕಾದ ಕಣಿಕೆಯ ಒಣ ಸಿಹಿ ವಾಸನೆ ಮೂಗಿಗೆ ಬಂದದ್ದೇ ತಡ, ಎದ್ದು ಆಚೆ ತುದಿಯ ಬೆಂಚಿಗೆ ಹೋಗಿ ಕುಳಿತೆ. ಬೇರೆಯವರಿಗೆ ಅದು ಸುಗ್ಗಿಯ ವಾಸನೆ. ನನಗೆ ಭಯದ ವಾಸನೆ. ಎಪ್ಪತ್ತು ವರ್ಷ ದಾಟಿದರೂ ಹೋಗಿಲ್ಲ.

ನಮ್ಮ ಚರ್ಚಿನ ಸಭೆಯವರು ನನ್ನಿಂದ ಒಂದು ಬರಹ ಕೇಳಿದ್ದಾರೆ. ಅಜ್ಜಿಯರು ಮೊಮ್ಮಕ್ಕಳಿಗೆ ವಿಶ್ವಾಸ ಹೇಗೆ ಕಲಿಸಬೇಕು, ಬರೆದುಕೊಡಿ ಎಂದರು. ನಾನು ಕಲಿತದ್ದು ನಾಲ್ಕನೆಯ ತರಗತಿ, ಅದೂ ದೊಡ್ಡವಳಾದ ಮೇಲೆ. ಹೇಗೆ ಕಲಿಸಬೇಕೆಂಬುದು ನನಗೆ ಗೊತ್ತಿಲ್ಲ. ನನಗೆ ಹೇಗೆ ಬಂತೆಂಬುದು ಗೊತ್ತು. ಅದನ್ನೇ ಬರೆಯುತ್ತೇನೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಿಜಾಮನ ಕಾಲದ ರಜಾಕಾರರ ಗಲಾಟೆ ಮುಗಿದು ಎರಡು ಮೂರು ವರ್ಷವಾಗಿತ್ತು. ನನಗೆ ಒಂಬತ್ತೋ ಹತ್ತೋ. ಪಾಮನಕಲ್ಲೂರಿನ ಆಚೆಗಿನ ಒಂದು ಸಣ್ಣ ಊರಿನಲ್ಲಿದ್ದೆವು. ನನ್ನನ್ನು ಹೆತ್ತ ಬಾಣಂತನದಲ್ಲೇ ಅವ್ವ ಸತ್ತಿದ್ದಳು. ಮನೆಯಲ್ಲಿ ಆಯಿ, ಅಪ್ಪ, ನಾನು, ಅಷ್ಟೇ. ಅಪ್ಪ ಗೌಡರ ಹೊಲದಲ್ಲಿ ಆಳು. ನಮ್ಮ ಗುಡಿಸಲು ನಿಂತ ಜಾಗವೂ ಗೌಡರದೇ. ಇಡೀ ಕೇರಿಯಲ್ಲಿ ಯೇಸುಸ್ವಾಮಿಯ ಹೆಸರು ಹೇಳುವ ಮನೆ ನಮ್ಮದೊಂದೇ.

ಆಯಿ ಹರೆಯದಲ್ಲಿ ಲಿಂಗಸುಗೂರಿನ ಪಾದ್ರಿಯೊಬ್ಬರ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡಿದ್ದಳಂತೆ. ಅಲ್ಲಿ ಸಂಜೆಯ ಪ್ರಾರ್ಥನೆಯಲ್ಲಿ ಬಾಗಿಲ ಹತ್ತಿರ ಕುಳಿತು ಕೇಳಿದ ಕಥೆಗಳೇ ಅವಳ ವಿದ್ಯೆ. ಓದಲು ಒಂದಕ್ಷರ ಬರುತ್ತಿರಲಿಲ್ಲ. ಮುದ್ದು ಮಾಡುವ ಮುದುಕಿಯೂ ಅಲ್ಲ. ಪ್ರಾರ್ಥನೆಯ ನಡುವೆ ಕಣ್ಣು ತೆರೆದರೆ ಗಲ್ಲ ಹಿಂಡುತ್ತಿದ್ದಳು. ತನ್ನ ಕಣ್ಣು ಮುಚ್ಚಿದ್ದರೂ ನನ್ನ ಕಣ್ಣು ತೆರೆದದ್ದು ಅವಳಿಗೆ ಹೇಗೆ ತಿಳಿಯುತ್ತಿತ್ತೋ...

ಕಥೆ ಹೇಳುತ್ತಿದ್ದದ್ದು ಬೀಸುವಾಗ. ಕೋಳಿ ಕೂಗುವ ಹೊತ್ತಿಗೆ ನನ್ನನ್ನು ಎಬ್ಬಿಸಿ ಬೀಸುಕಲ್ಲಿನ ಎದುರು ಕೂರಿಸುತ್ತಿದ್ದಳು. ಗೂಟಕ್ಕೆ ಅವಳದೊಂದು ಕೈ, ನನ್ನದೊಂದು ಕೈ. ಕಲ್ಲು ತಿರುಗಿದಷ್ಟು ಹೊತ್ತು ಕಥೆ. ಜೋಳ ಮುಗಿದರೆ ಕಥೆಯೂ ಮುಗಿಯಿತು. ಮುಂದೇನಾಯಿತು ಎಂದು ಕೇಳಿದರೆ, "ಕಾಳಿಲ್ಲ, ಕಥೀನೂ ಇಲ್ಲ. ಏಳು, ನೀರಿಗೆ ಹೋಗು" ಎನ್ನುತ್ತಿದ್ದಳು. ಹೊಸ ಜೋಳ ಬರುವ ಮುಂಚಿನ ದಿನಗಳಲ್ಲಿ ಮಡಕೆಯ ತಳ ಕಾಣುತ್ತಿತ್ತು, ಕಥೆಗಳೂ ಮೊಟಕಾಗುತ್ತಿದ್ದವು. ಎಷ್ಟೋ ಕಥೆಗಳ ಕೊನೆ ನನಗೆ ಗೊತ್ತಿರಲಿಲ್ಲ.

ಅಂಥ ಒಂದು ದಿನ ಆಯಿ ಬೈಬಲಿನ ಒಬ್ಬ ಬಡ ವಿಧವೆಯ ಕಥೆ ತೆಗೆದಳು. ಗಂಡ ಸತ್ತ ಮೇಲೆ ಅತ್ತೆಯನ್ನು ಬಿಡದೆ ಅವಳ ಜೊತೆ ಪರದೇಶಕ್ಕೆ ಬಂದವಳು. ಸುಗ್ಗಿಯಲ್ಲಿ ಯಾರದೋ ಹೊಲಕ್ಕೆ ಹಕ್ಕಲು ಆಯಲು ಹೋದಳು. ಕೊಯ್ದವರು ಬಿಟ್ಟ ತೆನೆ ಆಯುವುದೇ ಹಕ್ಕಲು, ನಮ್ಮ ಕೇರಿಯ ಹೆಂಗಸರೆಲ್ಲ ಮಾಡುತ್ತಿದ್ದದ್ದು ಅದನ್ನೇ. ಅವಳು ಕೊಯ್ದು ಕಟ್ಟಿಟ್ಟ ಸಿವುಡುಗಳ ನಡುವೆಯೇ ಆಯ್ದುಕೊಂಡಳು, ಯಾರೂ ಗದರಿಸಲಿಲ್ಲ, ಉಡಿ ತುಂಬಿತು ಎಂದಳು ಆಯಿ. ಅಷ್ಟರಲ್ಲಿ ಕಲ್ಲು ಬರಿದಾಗಿ ಗರಗರ ಎಂದಿತು. ಎದ್ದುಬಿಟ್ಟಳು.

ನಮ್ಮ ಊರಿನ ಕಟ್ಟಳೆ ಬೇರೆ. ಕೊಯ್ದ ಜೋಳವನ್ನು ಸಿವುಡು ಕಟ್ಟಿ ಹೊಲದಲ್ಲಿ ಮಲಗಿಸಿರುತ್ತಾರೆ. ಸಿವುಡು ಎತ್ತಿ ಸಾಗಿಸಿ, ಗೌಡರು ಹೊಲ ಬಿಟ್ಟೆ ಎಂದ ಮೇಲೆಯೇ ಹಕ್ಕಲಿನವರು ಇಳಿಯಬೇಕು. ನನಗೆ ಅದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಆಯಿಯ ಬಾಯಿಂದ ಬಂದದ್ದು ದೇವರ ಕಟ್ಟಳೆ, ಗೌಡರದು ಬರೀ ಗೌಡರ ಕಟ್ಟಳೆ ಎಂದುಕೊಂಡಿದ್ದೆ. ಆ ವರ್ಷ ಆಯಿಯ ಮೊಣಕಾಲು ಊದಿ ನಾನೊಬ್ಬಳೇ ಹಕ್ಕಲಿಗೆ ಹೋಗುತ್ತಿದ್ದೆ. ಆಳುಗಳು ಬುತ್ತಿ ಬಿಚ್ಚುವ ಹೊತ್ತಿಗೆ ಸಿವುಡುಗಳ ನಡುವೆ ನುಗ್ಗಿ, ದಪ್ಪ ದಪ್ಪ ತೆನೆಗಳನ್ನು ಮುರಿದು ಉಡಿ ತುಂಬಿಕೊಂಡೆ. ಮೂರು ದಿನ. ಅಂಜಿಕೆಯೇ ಇರಲಿಲ್ಲ.

"ಈ ಸಲ ಹಕ್ಕಲ ಭೇಷ್ ಸಿಕ್ಕೈತಿ ನೋಡು. ಸ್ವಾಮಿ ಕಣ್ಣು ತೆರದಾನ" ಎಂದು ಆಯಿ ತೆನೆ ಬಡಿದು ಕಾಳು ಮಾಡಿದಳು. ಬೀಸಿದೆವು. ರೊಟ್ಟಿ ತಿಂದೆವು.

ಸಿವುಡು ಸಾಗಿಸುವಾಗಲೇ ಕುತ್ತಿಗೆ ಮುರಿದ ದಂಟುಗಳನ್ನು ಆಳುಗಳು ಕಂಡಿದ್ದರು. ಗೌಡರು ರಾಶಿಯಾಗುವವರೆಗೂ ತುಟಿ ಬಿಚ್ಚಲಿಲ್ಲ. ರಾಶಿ ಅಳೆಯುವ ಹಿಂದಿನ ದಿನ ಹಕ್ಕಲು ಆಯುವ ಐದು ಮನೆಗಳ ಹಿರಿಯ ಹೆಂಗಸರನ್ನು ಕಣಕ್ಕೆ ಕರೆಸಿದರು. ಆಯಿ ಕುಂಟುತ್ತ ಹೋದಳು. ಊರುಗೋಲಿನ ಬದಲು ನನ್ನ ಹೆಗಲು.

"ಸಿವುಡಿನೊಳಗ ಕೈ ಹಾಕ್ಯಾರ ಯಾರೋ. ಯಾರಂತ ನಾ ಕೇಳಂಗಿಲ್ಲ. ರಾಶಿ ಮುಂದ ನಿಂತು, ನಮ್ಮ ಮನಿಯವ್ರು ಕದ್ದಿಲ್ಲ ಅಂತ ಆಣಿ ಮಾಡಿ ಹೋಗ್ರಿ" ಎಂದರು ಗೌಡರು.

ಆಗ ನನಗೆ ತಿಳಿಯಿತು. ಅಲ್ಲಿಯವರೆಗೆ ತಿಳಿದಿರಲಿಲ್ಲ. ನಾನು ಮಾಡಿದ್ದಕ್ಕೆ ಕಳವು ಎಂದು ಹೆಸರು. ಸುತ್ತ ಹೊಸ ಕಣಿಕೆಯ ಬಣವೆ, ಅದರ ವಾಸನೆ... ಆಯಿಯ ಸೆರಗಿನಲ್ಲಿ ಮುಖ ಮರೆಸಿದೆ.

ರಾಶಿಯ ಮುಂದೆ ಸುಳ್ಳಾಡಿದ ಮನೆಯಲ್ಲಿ ಕಾಳು ನಿಲ್ಲುವುದಿಲ್ಲ ಎಂಬುದು ಊರಿನ ನಂಬಿಕೆ. ನಾಲ್ವರು ಒಬ್ಬರಾದ ಮೇಲೊಬ್ಬರು ಆಣೆ ಮಾಡಿದರು. ಅವರಲ್ಲೊಬ್ಬ ಮುದುಕಿ, "ನಾವು ಕದ್ದಿದ್ರ ನನ್ನ ಬಾಯಾಗಿನ ಹಲ್ಲು ಉದರಲಿ" ಎಂದಳು. ಆಳೊಬ್ಬ, "ಇರೋವು ಎರಡs ಅದಾವಲ್ಲಬೇ, ಹೋದ್ರ ಏನ್ ಲುಕ್ಸಾನ?" ಎಂದ. ಎಲ್ಲರೂ ನಕ್ಕರು. ಗೌಡರೂ ನಕ್ಕರು. ಆಯಿಯ ಸರದಿ ಬಂದಾಗ ನಗು ನಿಂತಿತು.

"ನಾ ಆಣಿ ಮಾಡಂಗಿಲ್ಲರಿ ಧಣಿ. ನಮ್ಮ ಸ್ವಾಮಿ ಆಣಿ ಬ್ಯಾಡ ಅಂದಾನ. ಕದ್ದಿಲ್ಲ ಅಂತ ಹೇಳ್ತೀನಿ, ಅದs ನನ್ನ ಮಾತು."

"ಎಲ್ಲಾರೂ ಮಾಡ್ಯಾರ. ನಿಂದೇನು ಬ್ಯಾರೆ ರಾಜ್ಯಾನು?"

ಆಯಿ ತಲೆ ತಗ್ಗಿಸಿದಳು, ಆದರೆ ರಾಶಿಯ ಕಡೆ ಕೈ ಚಾಚಲಿಲ್ಲ. ಗೌಡರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಮೆಲ್ಲಗೆ ಹೇಳಿದರು: "ನಾಳೆ ಮುಂಜಾನಿ ರಾಶಿ ಅಳೀತೀವಿ. ಅದಕ್ಕೂ ಮೊದಲು ಆಣಿ ಆಗಬೇಕು. ಇಲ್ಲಾಂದ್ರ ನಿನ್ನ ಮಗ ನನ್ನ ಹೊಲಕ್ಕ ಬರೋದು ಬ್ಯಾಡ. ಗುಡಿಸಲಾನೂ ಕಿತ್ತುಗೊಂಡು ಹೋಗ್ರಿ."

ಅಂದು ಸಂಜೆ ಅಪ್ಪ ಹೊಸ್ತಿಲಲ್ಲಿ ಕುಳಿತು ಆಯಿಗೆ ಬೆನ್ನು ಮಾಡಿ ಮಾತಾಡಿದ.

"ಕದ್ದಿಲ್ಲ ಅಂದಮ್ಯಾಗ ಆಣಿ ಮಾಡಾಕ ಏನ್ ಧಾಡಿ ಬೇ ನಿನಗ?"

"ಹೇಳೀನಲ್ಲ. ಒಮ್ಮೆ ಹೇಳಿದ್ದು ಸಾಲಂಗಿಲ್ಲೇನು?"

"ನಿನ್ನ ಮಾತು ಯಾರ್ ಕೇಳ್ತಾರ? ಹೊಲ ಗೌಡರದು, ರಾಶಿ ಗೌಡರದು, ನಾವು ಕುಂತ ನೆಲ ಗೌಡರದು. ಈ ಹುಡುಗೀನ ಕಟಗೊಂಡು ಎಲ್ಲಿ ಹೋಗ್ಲಿ ಯವ್ವ ನಾ?"

ಆಯಿ ಒಲೆಯ ಕಡೆ ತಿರುಗಿದಳು. ನನಗೆ ರೊಟ್ಟಿ ಕೊಟ್ಟಳು. ಅದು ಯಾವ ಜೋಳದ ರೊಟ್ಟಿ ಎಂದು ನನಗೊಬ್ಬಳಿಗೇ ಗೊತ್ತು. ತಿನ್ನದೆ ಕೈಯಲ್ಲೇ ಹಿಡಿದು ಕುಳಿತೆ. "ತಿನ್ನು, ನಿನಗ್ಯಾಕ ಚಿಂತಿ" ಎಂದಳು. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಅಪ್ಪನ ಬೆನ್ನು ಕಂಡು ಮುಚ್ಚಿದೆ.

ಬೆಳಿಗ್ಗೆ ಆಯಿ ಬೀಸಲು ಎಬ್ಬಿಸಲಿಲ್ಲ. ನಾನೇ ಎದ್ದು ನೋಡಿದರೆ ಮುಖ ತೊಳೆದು, ಸೆರಗು ಹೊದ್ದು ಕುಳಿತಿದ್ದಳು. "ನಡಿ, ಆಣಿ ಮಾಡಿ ಬರೂಣು" ಎಂದಳು ಅಪ್ಪನಿಗೆ. "ಮಗನ ಅನ್ನ ಕಳದು ನಾ ಯಾವ ಸ್ವರ್ಗಕ್ಕ ಹೋಗ್ಲಿ? ಸ್ವಾಮಿ ಕೇಳಿದ್ರ ನನಗೊಬ್ಬಾಕಿಗೆ ಕೇಳ್ಲಿ."

ಅಪ್ಪನ ಮುಖ ಬಿಚ್ಚಿಕೊಂಡಿತು. ಆಣೆಯೇ ಬೇಡ ಎಂದವಳು ಈಗ ಆಣೆ ಮಾಡಲು ಹೊರಟಿದ್ದಾಳೆ, ಅದೂ ಸುಳ್ಳು ಆಣೆ. ಸುಳ್ಳೆಂದು ಅವಳಿಗೆ ಗೊತ್ತಿಲ್ಲ.

ದಾರಿಯುದ್ದಕ್ಕೂ ಅವಳ ಕೈ ನನ್ನ ಹೆಗಲ ಮೇಲಿತ್ತು. ಕಣದಲ್ಲಿ ಅರ್ಧ ಊರು ಸೇರಿತ್ತು. ರಾಶಿಗೆ ಪೂಜೆಯಾಗಿತ್ತು, ಅಳತೆಯ ಕೊಳಗ ಸಿದ್ಧವಿತ್ತು. ನಮಗೆ ನಿಲ್ಲಲು ಬಿಟ್ಟ ಅಂಚಿನಲ್ಲಿ ಆಯಿ ನಿಂತಳು, ಕೈ ಮುಂದೆ ಚಾಚಿದಳು. "ಈ ರಾಶಿ ಮುಂದ..." ಎಂದಳು.

"ಆಯಿ, ಬ್ಯಾಡ! ನಾ ಮುರದೀನಿ!"

ಅದು ನನ್ನ ದನಿಯೇ. ಹಾಗೆ ಕಿರಿಚಿದ್ದು ನನಗೇ ಆಮೇಲೆ ಗೊತ್ತಾಯಿತು. ಅಪ್ಪ ನನ್ನ ರಟ್ಟೆ ಹಿಡಿದು ಎಳೆದ. ಆಯಿ, "ಬಿಡು ಆಕೀನ" ಎಂದಳು. ನನ್ನ ಕಡೆ ತಿರುಗಿದಳು. "ಯಾಕ ಮುರದಿ?"

"ನೀನs ಹೇಳಿದ್ಯಲ್ಲ. ಆ ಹೆಣಮಗಳು ಸಿವುಡಿನ ನಡುವ ಆಯ್ಕೊಂಡ್ಳು, ಯಾರೂ ಗದರಿಸಲಿಲ್ಲ ಅಂತ."

"ಯಾವ ಹೆಣಮಗಳಲೇ? ಯಾರ ಹೊಲದಾಗ?" ಎಂದರು ಗೌಡರು. ಅವರು ನಮ್ಮ ಸೀಮೆಯ ಯಾರದೋ ಹೊಲವೆಂದೇ ತಿಳಿದಿದ್ದರು.

ಆಯಿಯ ಮುಖ ಆಗ ಬಿಳುಚಿತು. "ಕಥಿಯಾಗಿನ ಮಾತರಿ ಅದು. ಆ ಹೊಲದ ಧಣಿ ಆಕಿಗೆ ಮೊದಲs ಅಪ್ಪಣಿ ಕೊಟ್ಟಿದ್ದ. ಅದನ್ನ ಹೇಳೂದ್ರಾಗ ನಂದು ಜೋಳ ಮುಗೀತು. ಅರ್ಧಾ ಕಥಿ ಹೇಳಿದಾಕಿ ನಾ. ತಪ್ಪು ನಂದು."

ಒಂದಿಬ್ಬರು ಕಿಸಕ್ಕೆಂದರು. ಗೌಡರು ನಗಲಿಲ್ಲ. ಅಳತೆಯ ಕೊಳಗವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: "ಕೂಸು ತಿಳೀದ ಮಾಡೈತಿ, ಹೋಗ್ಲಿ. ನೀ ಕಳಿಸಿಲ್ಲ ಅಂತ ಒಂದು ಆಣಿ ಮಾಡು. ನಿನ್ನ ಮಗ ಇವತ್ತಿನಿಂದs ಕೆಲಸಕ್ಕ ಬರಲಿ."

ಅನ್ಯಾಯದ ಮಾತಲ್ಲ ಅದು. ಇವತ್ತಿಗೂ ನಾನು ಗೌಡರನ್ನು ಕೆಟ್ಟವರೆನ್ನುವುದಿಲ್ಲ. ಅಪ್ಪ ಕೈ ಮುಗಿದುಬಿಟ್ಟ. ಈಗ ಮಾಡುವ ಆಣೆ ನಿಜದ ಆಣೆ. ಅರ್ಧ ಗಳಿಗೆಯ ಹಿಂದೆ ಬಾಯಿಯ ತುದಿಗೆ ಬಂದಿದ್ದ ಮಾತು.

ಆಯಿ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು.

"ಈಗ ಆಗಂಗಿಲ್ಲರಿ ಧಣಿ. ಈ ಹುಡುಗಿ ಆಣಿ ಇಲ್ಲದs ಖರೆ ಹೇಳೈತಿ. ಆಕಿ ಮುಂದ ನಿಂತು ನಾ ಹ್ಯಾಂಗ ಆಣಿ ಮಾಡ್ಲಿ?"

"ಯವ್ವಾ!" ಎಂದ ಅಪ್ಪ. ಅಷ್ಟೇ ಅಂದ.

ಮೂರನೆಯ ದಿನ ಗುಡಿಸಲು ಬಿಚ್ಚಿದೆವು. ಬೀಸುಕಲ್ಲು ಹೊರಲಾಗದೆ ಅಲ್ಲೇ ಬಿಟ್ಟೆವು. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದರು, ದಢೇಸುಗೂರಿನ ಹತ್ತಿರ ಮಣ್ಣು ಹೊರುವ ಕೆಲಸ ಸಿಕ್ಕಿತು. ಊದಿದ ಮೊಣಕಾಲಿನಲ್ಲಿ ಆಯಿಯೂ ಬುಟ್ಟಿ ಹೊತ್ತಳು. ಬೆಳಗಿನ ಪ್ರಾರ್ಥನೆಗೆ ನಾನೂ ಅವಳೂ ಕುಳಿತರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಹೋಗುತ್ತಿದ್ದ. ಆಯಿ ಒಂದು ದಿನವೂ ಅವನನ್ನು ಕರೆಯಲಿಲ್ಲ, ಆದರೆ ಅವನ ಹೆಜ್ಜೆಯ ಸಪ್ಪಳ ನಿಲ್ಲುವವರೆಗೂ ಬಾಯಿ ತೆರೆಯುತ್ತಿರಲಿಲ್ಲ.

ಕಾಲುವೆಗೆ ನೀರು ಬಿಡುವುದಕ್ಕೆ ಮೊದಲೇ ಚಳಿಜ್ವರ ಹತ್ತಿ ಮಲಗಿದಳು. ಏಳಲಿಲ್ಲ. ಕೊನೆಯ ದಿನ ಅಪ್ಪ ಹತ್ತಿರ ಕುಳಿತು ಕೇಳಿದ:

"ಅವತ್ತು ಒಂದು ಮಾತು ಅಂದಿದ್ರ ಏನ್ ಹೋಗ್ತಿತ್ತು ಯವ್ವ?"

"ಈ ಹುಡುಗಿ ಹೋಗ್ತಿತ್ತು" ಎಂದಳು ಆಯಿ.

ಅಪ್ಪ ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಬರೆಯಲಾರೆ...

ನನ್ನನ್ನು ಆಯಿ ವಿಶ್ವಾಸದಲ್ಲಿ ಉಳಿಸಿಕೊಂಡಳು, ನಿಜ. ಮಗ ಮಾತ್ರ ಸಾಯುವವರೆಗೂ ಪ್ರಾರ್ಥನೆಗೆ ಬರಲಿಲ್ಲ. ಸಭೆಯವರು ಕೇಳಿದ್ದಕ್ಕೆ ನನ್ನ ಹತ್ತಿರ ಇಷ್ಟೇ ಇದೆ. ಇದನ್ನು ಓದಿ ಯಾರಾದರೂ ಹೀಗೆ ಮಾಡಲಿ ಎಂದು ನಾನು ಹೇಳುವುದಿಲ್ಲ. ಅವಳು ಮಾಡಿದ್ದು ಸರಿಯೆಂದು ಗೊತ್ತು. ಅದರ ಭಾರವನ್ನು ಅಪ್ಪ ಹೊತ್ತನೆಂಬುದೂ ಗೊತ್ತು.

ಆಯಿಯನ್ನು ಮಣ್ಣಿಗೆ ಒಯ್ಯುವಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಕೂಲಿಯವರು ಇಬ್ಬರು ಜೊತೆಗೆ ಹೋದರು, ಅವರು ಯಾವ ಊರಿನವರೋ. ಗುಂಡಿ ತೋಡಿದ ಜಾಗ ಗೊತ್ತಿದ್ದದ್ದು ಅಪ್ಪನೊಬ್ಬನಿಗೆ. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದ. ನಾನು ಕೇಳಲಿಲ್ಲ. ಅವನು ಹೇಳಲಿಲ್ಲ.

ಈಗ ಅಲ್ಲೆಲ್ಲ ಭತ್ತದ ಗದ್ದೆ. ವರ್ಷಕ್ಕೊಮ್ಮೆ ಹೋಗುತ್ತೇನೆ. ಕಾಲುವೆಯ ದಂಡೆಯ ಮೇಲೆ ನಿಂತು, ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ, ನಿಂತಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಬಸ್ಸು ಹತ್ತುತ್ತೇನೆ.