ಹೊಳೆಯಾಚೆಯ ಮಾಳಿಗೆ

ಮೊಸಳೆ ನೋಡಲೆಂದು ದುರ್ಬೀನು ಹಿಡಿದು ಉಗಾರ ಬುದ್ರುಕದಲ್ಲಿ ಹೊಳೆದಂಡೆಗೆ ಕೂತಿದ್ದೆ. ಆಚೆ ದಡದ ಮರಳಿನ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಎಮ್ಮೆ ಕಾಯುತ್ತಿದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಬಂದು, "ನಂಗೂ ಒಂದೀಟ ತೋರಸ್ರಿ" ಅಂದರು.

ಕೊಟ್ಟೆ. ಮೊಸಳೆ ಕಂಡದ್ದೇ "ಯವ್ವಾ!" ಎಂದು ಹಿಂದೆ ಸರಿದರು. ಆಮೇಲೆ ದುರ್ಬೀನನ್ನು ಮೆಲ್ಲಗೆ ಆಚೆ ಊರಿನ ಮನೆಗಳತ್ತ ತಿರುಗಿಸಿದರು.

"ನನ್ನ ಮಗಳ್ರೀ! ಮಾಳಗಿ ಮ್ಯಾಲ ಹಪ್ಪಳ ಒಣಗಸಾಕತ್ತಾಳ. ದೀಪಾವಳಿಗೂ ಕಳಸಲಿಲ್ರಿ ಅವರತ್ತಿ."

ಕಣ್ಣೊರೆಸಿಕೊಂಡು ಫೋನ್ ಹಚ್ಚಿದರು. "ಸವಿತಾ, ಹೊಳಿ ಕಡೆ ಕೈ ಎತ್ತ!" ಆಕೆ ಎತ್ತಿರಬೇಕು, ಇವರೂ ಎತ್ತಿ ನಕ್ಕರು. ಒಮ್ಮೆಲೇ ದನಿ ತಗ್ಗಿತು: "ಫೋನ್ ಇಡ, ನಿಮ್ಮತ್ತಿ ಹಿಂದ ಬಂದ ನಿಂತಾಳ!"

ದುರ್ಬೀನು ವಾಪಸು ಕೊಡುತ್ತ ಹೇಳಿದರು: "ನಾಳಿ ಊಟ ಆದಮ್ಯಾಲ ಬರ್ರಿ. ಅತ್ತಿ ಮಲಗಿರ್ತಾಳ."

ಮರುದಿನ ನಾನೂ ಲಗೂನೇ ಊಟ ಮುಗಿಸಿದೆ.