ಅಣ್ಣನ ಗಂಟಲು ಕಾಯ್ದ ಸಂಜೆ

ಆ ಸಂಜೆಯ ಬಗ್ಗೆ ನಾನು ಮೊದಲು ಬರೆದ ವಾಕ್ಯ ‘ತಂಪು ಗಾಳಿ ಬೀಸುತ್ತಿತ್ತು’ ಎಂದು. ಹೊಡೆದು ಹಾಕಿದ್ದೇನೆ. ಏಪ್ರಿಲ್‌ನಲ್ಲಿ ಜಲನಗರದ ನಮ್ಮ ಅಂಗಳಕ್ಕೆ ಸಂಜೆ ಹೊತ್ತು ಬರುವುದು ಗಾಳಿಯಲ್ಲ, ಹಗಲೆಲ್ಲ ಕಾದ ಕಂಪೌಂಡ್ ಗೋಡೆಯ ಝಳ. ಗಾಳಿಯನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಎಲ್ಲರೂ ಸುಖವಾಗಿ ಕೂತಿದ್ದೆವು ಎಂದು ನನ್ನನ್ನೇ ನಂಬಿಸಲು.

ನಾನು ಸುಖವಾಗಿ ಕೂತಿರಲಿಲ್ಲ. ಅಷ್ಟು ಜನರ ನಡುವೆ ನಾನು ನೋಡುತ್ತಿದ್ದದ್ದು ಒಂದನ್ನೇ, ನನ್ನ ಅಣ್ಣನ ಗಂಟಲನ್ನು.

ಅಂಗಳ ಎಂದು ಬರೆದೆ. ಅದೂ ದೊಡ್ಡ ಮಾತಾಯಿತು. ಬಾಗಿಲಿಗೂ ಗೇಟಿಗೂ ನಡುವೆ ಮೋಟರ್ ಸೈಕಲ್ ನಿಲ್ಲಿಸುವ ಜಾಗ ಅದು. ಬೇಸಿಗೆಯ ಭಾನುವಾರಗಳಲ್ಲಿ ಗಾಡಿಗಳನ್ನು ರಸ್ತೆಯಲ್ಲಿ ನಿಲ್ಲಿಸಿ, ನೆಲದ ಫರಶಿ ಕಲ್ಲಿನ ಮೇಲೆ ನೀರು ಹೊಡೆದು, ಆಚೀಚೆ ಮನೆಗಳಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತೇವೆ. ಬಂದವರಿಗೆ ಚುರಮರಿ, ಎಣ್ಣೆಯಲ್ಲಿ ಹುರಿದ ಹಸಿಮೆಣಸಿನಕಾಯಿ, ಮಜ್ಜಿಗೆ. ಚುರಮರಿ ಕಲಸುವುದು ಯಾವಾಗಲೂ ಅಣ್ಣನ ಕೆಲಸವಾಗಿತ್ತು. ಸ್ಟೇಷನ್ ರಸ್ತೆಯ ತನ್ನ ಅಂಗಡಿಯಿಂದ ನೇರ ಬಂದು, ಅಂಗಿಯ ತೋಳು ಮಡಚಿ, ಅಗಲ ತಟ್ಟೆಯಂಥ ದೊಡ್ಡ ಪರಾತಿನ ಮುಂದೆ ಕೂರುತ್ತಿದ್ದ. ಬೇರೆಯವರು ಕಲಸಿದರೆ ಉಳ್ಳಾಗಡ್ಡಿ ಒಂದು ಕಡೆ, ಖಾರ ಒಂದು ಕಡೆ ಎಂದು ಅವನ ತಕರಾರು.

ಕಳೆದ ಚಳಿಗಾಲದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಕೈ ಮರಳಿತು, ಕಾಲು ಮರಳಿತು, ಮಾತು ತುಸು ನಿಧಾನವಾಗಿ ಮರಳಿತು. ಗಂಟಲು ಮಾತ್ರ ಮರಳಲಿಲ್ಲ. ನುಂಗುವುದನ್ನು ಹೊಸದಾಗಿ ಕಲಿಸುತ್ತಿದ್ದ ಡಾಕ್ಟರಮ್ಮ ಹೇಳಿದ್ದರು: ತೆಳ್ಳಗಿನದು ಯಾವುದೂ ಬೇಡ, ಅದು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿಗೆ ಇಳಿಯುತ್ತದೆ. ನೀರಿಗೂ ಒಂದು ಪುಡಿ ಕಲಸಿ ಗಟ್ಟಿ ಮಾಡಿಯೇ ಕೊಡಬೇಕು. ಒಣ ಪದಾರ್ಥ ಬೇಡ, ಸಿಪ್ಪೆ ಇರುವ ಹಣ್ಣು ಬೇಡ. ಗಂಜಿಯಂಥದ್ದನ್ನು ಗದ್ದ ತಗ್ಗಿಸಿಕೊಂಡು ಚಮಚ ಚಮಚವಾಗಿ ನುಂಗಬೇಕು.

ಇದು ಗೊತ್ತಿದ್ದದ್ದು ಅವನಿಗೆ, ಅವನ ಹೆಂಡತಿ ನನ್ನ ವೈನಿಗೆ, ನನಗೆ, ನನ್ನ ಗಂಡನಿಗೆ. ಉಳಿದವರಿಗೆ ಹೇಳಕೂಡದು ಎಂದು ಅಣ್ಣ ನಮ್ಮಿಂದ ಮಾತು ತೆಗೆದುಕೊಂಡಿದ್ದ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ಮಾತಾಡಿಸಿ ಬರುವುದು ಎನ್ನುತ್ತಾರೆ. ಚಳಿಗಾಲವಿಡೀ ಊರು ಅವನನ್ನು ಮಾತಾಡಿಸಿತ್ತು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ದನಿ ಇಳಿಸಿ, ಇದೇ ರೋಗದಲ್ಲಿ ಹೋದ ಮತ್ತೊಬ್ಬರ ಕತೆ ಹೇಳಿ ಎದ್ದು ಹೋಗುತ್ತಿದ್ದರು.

"ಅವರ ತಂದ ಆಪಲ್ ತಿಂದ ತಿಂದ ಇಕಿ ದಪ್ಪಾಗ್ಯಾಳ," ಎಂದು ಅಣ್ಣ ವೈನಿಯತ್ತ ಕೈ ತೋರಿಸಿದ್ದ. "ಇನ್ನ ಯಾರೂ ನನ್ನ ಮಾತಾಡಸಾಕ ಬರಬಾರದು. ನಾನ ಬರ್ತೇನಿ ನಿಮ್ಮನಿಗೆ. ಚುರಮರಿಗೆ."

"ತಿನ್ನಾಕ ಬರಂಗಿಲ್ಲ, ಚುರಮರಿಗೆ ಬರ್ತಾರಂತ," ಎಂದರು ವೈನಿ.

"ಕಲಸಾಕ ಬರ್ತೈತೆಲ್ಲ."

ಹೀಗೆ ಒಪ್ಪಂದವಾಯಿತು. ಅವನು ಕಲಸಬೇಕು, ಆಮೇಲೆ ತುಂಬಿದ ತಾಟು ಹಿಡಿದು ಎಲ್ಲರಂತೆ ಕೂರಬೇಕು, ತಿನ್ನಬಾರದು. ಅವನೂ ಏನಾದರೂ ತಿಂದ ಹಾಗೆ ಕಾಣಲಿ ಎಂದು ನಾನು ಮಾವಿನಹಣ್ಣಿನ ಶೀಕರಣಿ ಮಾಡಿದೆ. ಚಮಚ ನಿಲ್ಲುವಷ್ಟು ಗಟ್ಟಿಯಾಗಿ. ನಾರು ಉಳಿದೀತೆಂದು ಜರಡಿಯಲ್ಲಿ ಸೋಸಿದೆ. ಇನ್ನೊಮ್ಮೆ ಸೋಸಿದೆ. ನನ್ನ ಗಂಡ ನೋಡಿ, "ಇದನ್ನ ಗ್ವಾಡಿಗೆ ಹಚ್ಚೂದೈತೇನ?" ಎಂದ.

ಜನ ಬಂದರು. ಬಬಲೇಶ್ವರದಿಂದ ನಮ್ಮ ಸೋದರತ್ತೆ. ಬಿಜ್ಜರಗಿಯಿಂದ ಅಣ್ಣನ ಹಳೆಯ ಗೆಳೆಯ, ತನ್ನ ತೋಟದ ಕೊನೆಯ ಕೊಯ್ಲಿನ ದ್ರಾಕ್ಷಿಯ ಬಾಕ್ಸ್ ಹೊತ್ತುಕೊಂಡು. ಆಚೀಚೆ ಮನೆಯವರು. ಅಣ್ಣ ಪರಾತಿನ ಮುಂದೆ ಕೂತು ಕಲಸಿದ. ಎಡಗೈ ಮುಂಚಿನಷ್ಟು ಓಡುತ್ತಿರಲಿಲ್ಲ. ಯಾರೂ ಗಮನಿಸಲಿಲ್ಲ ಎಂದು ಅನ್ನಿಸಿತು. ಅಥವಾ ಗಮನಿಸಿ ಸುಮ್ಮನಿದ್ದರು.

ಅತ್ತೆ ಸುಮ್ಮನಿರುವವಳಲ್ಲ. "ಏನೋ ತಮ್ಮಾ, ತಾಟ ಹಿಡಕೊಂಡ ಕುಂತೀಯಲ್ಲ. ಫೋಟೋ ತಗಸೂದೈತೇನ?"

"ಕಲಸೂ ಮುಂದ ತಿಂದೇನಿ ಅತ್ತಿ."

"ಅದಕ್ಕ ಮೀಸಿಗೆ ಒಂದ ಕಾಳೂ ಹತ್ತಿಲ್ಲ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಗುವಾಗ ಬಾಯಲ್ಲಿ ಏನೂ ಇಲ್ಲವಲ್ಲ ಎಂದು ನಾನು ನೋಡಿಕೊಂಡೆ. ಗೆಳೆಯ ಒಂದು ಗೊಂಚಲು ತೊಳೆದು ತಂದು ಅವನ ತಾಟಿನ ಮೇಲಿಟ್ಟ.

"ಅದನ್ನ ಬಿಡಲೇ, ಇದನ್ನ ತಿನ್ನು. ಟಿಕೋಟಾ ಸುತ್ತಮುತ್ತ ಇಂಥಾ ಮಾಲ ಸಿಕ್ಕರ ನನ್ನ ಕೇಳು."

"ಅವಗ ಬ್ಯಾಡರಿ, ಸಕ್ಕರಿ ಐತಿ," ಎಂದು ಸುಳ್ಳು ಹೇಳಿದೆ ನಾನು.

ಅತ್ತೆ ನನ್ನತ್ತ ತಿರುಗಿದಳು. "ಸಕ್ಕರಿ ಇದ್ದಾಂವಗ ಬಟ್ಟಲ ತುಂಬ ಶೀಕರಣಿ ಕೊಟ್ಟೀಯಲ್ಲ ಬೇ?"

ವೈನಿ ಮೆಣಸಿನಕಾಯಿ ಬೇಕೇ ಎಂದು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೇಳತೊಡಗಿದರು.

ಮುಂದಿನದನ್ನು ನಾನು ಒಂದೇ ಸಾಲಿನಲ್ಲಿ ಹೇಳಲಾರೆ. ನನಗೆ ನೆನಪಿರುವಂತೆ, ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರು. ನಮ್ಮ ಗಾಡಿ ಅಡ್ಡ ಇತ್ತು, ನಾನು ಗೇಟಿನ ಕಡೆ ಹೊರಳಿದೆ. ಆ ಹೊತ್ತಿಗೆ ಅಣ್ಣ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡ. ನನ್ನ ಗಂಡ ಹೇಳುವುದು ಬೇರೆ: ಹಾರ್ನ್ ಬಂದದ್ದು ಆಮೇಲೆ, ನಾನು ಅಣ್ಣನನ್ನೇ ನೋಡುತ್ತಿದ್ದೆ, ಅವನು ನನ್ನನ್ನು ನೋಡಿಕೊಂಡೇ ಬಾಯಿಗೆ ಹಾಕಿದ. ಹಾಗಿದ್ದರೆ ಆ ನೋಟ ನನಗೆ ನೆನಪಿರಬೇಕಿತ್ತು. ಇಲ್ಲ. ಗೆಳೆಯನ ಮನಸ್ಸು ಉಳಿಸಲು ತಿಂದನೋ, ತಿಂಗಳುಗಟ್ಟಲೆ ಗಂಜಿಯನ್ನೇ ಕಂಡ ನಾಲಿಗೆಗೆ ತಡೆಯಲಾಗಲಿಲ್ಲವೋ, ಅವನನ್ನು ಕೇಳಿಲ್ಲ. ಕೇಳಿದರೆ ಅವನು ಹೇಳುವುದು ಮೂರನೆಯ ಕತೆಯಾದೀತು.

ಕೆಮ್ಮು ಕೇಳಿಸಿತು. ಇದರಲ್ಲಿ ಇಬ್ಬರಿಗೂ ಸಂಶಯವಿಲ್ಲ. ಮೊದಲು ಸಣ್ಣಗೆ, ಆಮೇಲೆ ಒಳಗಿಂದ ಕಿತ್ತು ಬರುವಂತೆ, ಆಮೇಲೆ ಸದ್ದೇ ಇಲ್ಲದೆ ಬರಿ ಭುಜಗಳು ಏರಿಳಿದವು.

"ನೆತ್ತಿಗೇರೇತಿ, ನೆತ್ತಿಗೇರೇತಿ," ಎಂದರು ಯಾರೋ. ಇಂಥ ಹೊತ್ತಿನಲ್ಲಿ ನಾವೆಲ್ಲ ಹುಟ್ಟಿದಾಗಿನಿಂದ ಮಾಡಿದ್ದನ್ನೇ ಅತ್ತೆ ಮಾಡಿದಳು. ಎದ್ದು ಬಂದು ಒಂದು ಕೈಯಿಂದ ಅವನ ನೆತ್ತಿ ತಟ್ಟುತ್ತ, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ಬಾಯಿಗೆ ತಂದಳು. "ಯಾರೋ ನೆನಸಾಕತ್ತಾರ. ನೀರ ಕುಡಿ ಯಪ್ಪಾ, ಇಳೀತೈತಿ." ಸುತ್ತಲಿನವರೂ, "ಕುಡೀರಿ, ಒಂದ ಗುಟಕ ಕುಡೀರಿ," ಎನ್ನುತ್ತಿದ್ದರು. ತಂಬಿಗೆ ಅವನ ತುಟಿಗೆ ತಾಗಿತು.

ನಾನು ತಂಬಿಗೆ ಕಸಿದುಕೊಂಡೆ. ನೀರು ಅತ್ತೆಯ ಸೀರೆಯ ಮೇಲೆ ಚೆಲ್ಲಿತು. ವೈನಿ ಅವನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿಸಿ, "ಗದ್ದ ತಗ್ಗಸ್ರಿ. ಜೋರ ಕೆಮ್ಮರಿ. ಇನ್ನೊಮ್ಮೆ," ಎಂದರು. ಅವರ ದನಿ ನಡುಗಲಿಲ್ಲ. ಮನೆಯಲ್ಲಿ ಇದು ಮೊದಲೂ ಆಗಿತ್ತು, ನನಗೆ ಹೇಳಿರಲಿಲ್ಲ ಎಂದು ಆಗ ತಿಳಿಯಿತು. ಅಣ್ಣ ಕೆಮ್ಮಿದ. ಮತ್ತೆ ಕೆಮ್ಮಿದ. ದ್ರಾಕ್ಷಿಯ ಚೂರು ವೈನಿಯ ಅಂಗೈಗೆ ಬಂತು, ಅವನ ಉಸಿರು ಶಿಳ್ಳೆಯಂತೆ ಒಳಗೆ ಹೋಯಿತು.

ಅತ್ತೆ ಸೀರೆ ಹಿಂಡಿಕೊಂಡು ನನ್ನನ್ನು ನೋಡಿದಳು. "ಬಾಯಿಗೆ ಹಿಡಿದ ನೀರ ಕಸಗೊಂಡ್ಯಲ್ಲ ಬೇ. ವೈರಿಗೂ ಯಾರೂ ಹಂಗ ಮಾಡಂಗಿಲ್ಲ."

ನಾನು ಹೇಳಬೇಕಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ತಂಬಿಗೆ ಹಿಡಿದು ನಿಂತೇ ಇದ್ದೆ. ಅಣ್ಣನೇ ಕಣ್ಣೊರೆಸಿಕೊಂಡು, ಒಂದೊಂದೇ ಶಬ್ದ ಜೋಡಿಸಿ ಹೇಳಿದ. "ಅಕೀದ ತಪ್ಪಿಲ್ಲ ಅತ್ತಿ. ನನಗ ಸದ್ಯಕ್ಕ ನೀರ ನಡ್ಯಾಂಗಿಲ್ಲ. ಪುಪ್ಪಸಕ್ಕ ಹೋಗ್ತೈತಂತ. ಚುರಮರೀನೂ ನಡ್ಯಾಂಗಿಲ್ಲ."

ಅವನು ಹೆದರಿದ್ದು ಕೆಮ್ಮಿಗಲ್ಲ, ಇದಕ್ಕೆ. ಎಲ್ಲರ ಮುಖ ಒಂದೇ ಸಲ ಬದಲಾಯಿತು. ತಾಟುಗಳು ಮೆಲ್ಲಗೆ ಕೆಳಗಿಳಿದವು, ಅವನ ಮುಂದೆ ತಿನ್ನುವುದು ಪಾಪವೆಂಬಂತೆ. ಗೆಳೆಯ ದ್ರಾಕ್ಷಿಯ ಬಾಕ್ಸನ್ನು ಕಾಲಿನಿಂದ ಕುರ್ಚಿಯ ಕೆಳಗೆ ಸರಿಸಿದ. ಅತ್ತೆ ತನ್ನ ಕುರ್ಚಿ ಅವನ ಹತ್ತಿರ ಎಳೆದುಕೊಂಡಳು, ದನಿ ಇಳಿಸಿದಳು. "ನಮ್ಮ ಓಣ್ಯಾಗ ಒಬ್ಬಾಂವಗ ಹಿಂಗ ಆಗಿತ್ತು..."

"ಅಂವ ಹ್ವಾದನೇನ?" ಎಂದ ಅಣ್ಣ.

ಅತ್ತೆ ತಡವರಿಸಿದಳು. "ಹೋದಾ. ಖರೇ ಅಂವಗ ವಯಸ್ಸಾಗಿತ್ತು."

"ಹಂಗಾರ ನಾಳೆ ಹೇಳು."

ಯಾರೋ ನಕ್ಕರು, ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಅಣ್ಣ ಪರಾತು ಎಳೆದುಕೊಂಡು ಇನ್ನೊಮ್ಮೆ ಚುರಮರಿ ಕಲಸಿದ, ಎಲ್ಲರೂ ತಿಂದರು ಎಂದು ನಾನು ಒಂದು ಕರಡಿನಲ್ಲಿ ಬರೆದಿದ್ದೆ. ಹಾಗೇನೂ ಆಗಲಿಲ್ಲ. ಅವನು ದಣಿದಿದ್ದ. ಆಟೋ ಕರೆಸಿ ವೈನಿ ಕರೆದುಕೊಂಡು ಹೋದರು. ಗೇಟಿನಲ್ಲಿ ಅಣ್ಣ ನನ್ನ ಮುಖ ನೋಡಲಿಲ್ಲ.

ಆ ವಾರ ನಾನು ಫೋನ್ ಮಾಡಿದಾಗಲೆಲ್ಲ ವೈನಿಯೇ ಎತ್ತಿದರು. ಜ್ವರ ಬಂದಿಲ್ಲ, ಎದೆ ಸ್ವಚ್ಛವಿದೆ ಎಂದು ಡಾಕ್ಟರು ಹೇಳಿದ್ದಾರಂತೆ. ಮಾತಾಡಿಸುವವರು ಮತ್ತೆ ಶುರುವಾಗಿದ್ದಾರೆ, ಅತ್ತೆ ಬಂದು ಹೋದಳು, ಗೆಳೆಯ ಬಂದು ಬಾಗಿಲಲ್ಲೇ ಕೈಮುಗಿದು ನಿಂತ. ಅಣ್ಣ ಯಾರ ಹತ್ತಿರವೂ ಮಾತಾಡುತ್ತಿಲ್ಲ, ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಕೇಳುತ್ತ ನಾನು ತೀರ್ಮಾನಿಸಿದೆ: ಮುಗಿಯಿತು, ಇನ್ನು ಅವನು ಬರುವುದಿಲ್ಲ, ನಾನು ಕರೆಯುವುದೂ ತಪ್ಪು.

ಶನಿವಾರ ಫೋನ್ ಬಂತು. ಅವನೇ.

"ನಾಳೆ ಯಾರ್ಯಾರ ಬರಾಕತ್ತಾರ?"

ಯಾರನ್ನೂ ಕರೆದಿಲ್ಲ ಎನ್ನಲು ಬಾಯಿ ಬರಲಿಲ್ಲ. ಆಚೀಚೆ ಮನೆಯವರು ಎಂದೆ, ನಿನ್ನ ಗೆಳೆಯ ಎಂದೆ.

"ಅತ್ತಿ?"

"ಅಕೀನ ಕರದಿಲ್ಲ ಅಣ್ಣಾ."

ಆ ಕಡೆ ಅವನು ಏನನ್ನೋ ನುಂಗುವ ಸದ್ದು. ನಾನು ಕಾದೆ. ಕೆಮ್ಮು ಬರಲಿಲ್ಲ.

"ಕರಿ," ಎಂದ. "ಇಲ್ಲಂದ್ರ ನನ್ನ ಮಾತಾಡಸಾಕ ಮನೀಗೆ ಬರ್ತಾಳ."