ಮೊದಲ ಹನಿಗೆ ಕಾವಲು ನಿಂತವರು

ಆಶಾ ಅಕ್ಕನ ಬೆರಳಲ್ಲಿ ಉಗುರು ಬೆಳೆದದ್ದನ್ನು ನಾನು ಕಂಡೇ ಇಲ್ಲ. ಮಾಂಸಕ್ಕೆ ಅಂಟುವಷ್ಟು ಕತ್ತರಿಸಿ, ದಿನಕ್ಕೆ ಇಪ್ಪತ್ತು ಸಲ ಸೋಪು ಹಚ್ಚಿ ತಿಕ್ಕಿ, ಬೆರಳ ತುದಿಗಳು ನೆನೆಹಾಕಿದ ಕಡಲೆಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಯಾವ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸದೆ ಗಾಳಿಗೆ ಝಾಡಿಸಿ, ಆಮೇಲೆ ಕೂಸಿನ ಹತ್ತಿರ ಬರುತ್ತಿದ್ದರು.

ಆಶಾ ಎಂಬುದು ಅವರ ಹೆಸರಲ್ಲ, ಕೆಲಸ. ಮಾನ್ವಿಯಲ್ಲಿ ನಮ್ಮ ಓಣಿಯ ಬಸುರಿ, ಬಾಣಂತಿಯರನ್ನೆಲ್ಲ ನೋಡಿಕೊಳ್ಳುತ್ತಿದ್ದ ಆಶಾ ಕಾರ್ಯಕರ್ತೆ. ಮಲ್ಲಟ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಮಕ್ಕಳಾಗಲಿಲ್ಲವೆಂದು ಗಂಡ ಬಿಟ್ಟ ಮೇಲೆ ತವರಿಗೆ ಬಂದು, ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಗುಲಾಬಿ ಸೀರೆ, ಹೆಗಲಿಗೆ ಚೀಲ, ಕಾಲಲ್ಲಿ ಗಂಡಸರ ಚಪ್ಪಲಿ. ಬಾಯಿ ಮಾತ್ರ ಮೆಣಸಿನಕಾಯಿ. ಮೊದಲ ಹಾಲು ಕೊಡಬಾರದು ಎನ್ನುವ ಅತ್ತೆಯಂದಿರು ಸಿಕ್ಕರೆ ಅವರಿಗೆ ಹಬ್ಬ. "ಎಮ್ಮಿ ಈದ್ರ ಗಿಣ್ಣ ಕಾಸಿ ಓಣಿಗೆಲ್ಲಾ ಹಂಚ್ತೀರಿ. ಸೊಸಿ ಹಡದ್ರ ಮೊದಲನೇ ಹಾಲು ಹಿಂಡಿ ಗೋಡಿಗೆ ಚೆಲ್ತೀರಿ. ಸೊಸಿ ಎಮ್ಮಿಗಿಂತ ಕಡಿ ಆದಳೇನ್ರೀ?" ಎನ್ನುತ್ತಿದ್ದರು. ಅತ್ತೆಯಂದಿರೂ ನಗುತ್ತಿದ್ದರು.

ನನಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ದೇವದುರ್ಗದ ತವರಿನಲ್ಲಿ ನನ್ನ ಮೊದಲ ಮಗ ಹುಟ್ಟಿದಾಗ ಮೂರು ದಿನ ಅವನಿಗೆ ಸಕ್ಕರೆ ನೀರು ಹಾಕಿದರು. ಹಳದಿ ಹಾಲು ಕೆಟ್ಟದ್ದು ಎಂದು ಹಿಂಡಿಸಿ ಚೆಲ್ಲಿಸಿದರು. ನಾಲ್ಕನೆಯ ದಿನ ಎದೆಗೆ ಹಚ್ಚಿದರೆ ಅವನಿಗೆ ಚೀಪಲು ಬರಲಿಲ್ಲ, ನನಗೆ ಹಾಲು ಉಳಿಯಲಿಲ್ಲ. ಬಾಟಲಿ ಹಿಡಿಸಿದೆವು. ನಾಲ್ಕು ತಿಂಗಳಿಗೆ ವಾಂತಿ ಭೇದಿಯಾಗಿ, ಸಲೈನ್ ಏರಿಸಲು ನರ ಸಿಗದೆ ತಲೆಗೆ ಸೂಜಿ ಚುಚ್ಚಿದರು. ಬದುಕಿಕೊಂಡ. ಆದರೆ ಆ ವಾರವನ್ನು ನಾನು ಮರೆಯಲಿಲ್ಲ. ಎರಡನೆಯ ಬಸಿರು ನಿಂತಾಗ ಒಂದೇ ಹಟ ಹಿಡಿದೆ: ಈ ಕೂಸಿನ ಬಾಯಿಗೆ ಬೀಳುವ ಮೊದಲ ಹನಿ ನನ್ನದೇ ಆಗಬೇಕು.

ಆ ಹಟಕ್ಕೆ ಕೈಕಾಲು ಕೊಟ್ಟವರು ಆಶಾ ಅಕ್ಕ. ಏಳನೇ ತಿಂಗಳಿಂದ, ನಾನು ಶಾಲೆಯಲ್ಲಿ ಪಾಠ ಮಾಡಿ ಬಂದ ಮೇಲೆ, ಟವೆಲ್ಲು ಸುತ್ತಿ ಕೂಸು ಮಾಡಿ ನನ್ನ ಬಗಲಿಗೆ ಕೊಡುತ್ತಿದ್ದರು. "ಮೊದಲನೇದಕ್ಕ ಆದಂಗ ನಿನಗ ಈ ಸಲಾನೂ ಆಪರೇಷನ್ ಆಗ್ತದ, ಎದ್ದು ಕುಂದ್ರಾಕ ಬರಂಗಿಲ್ಲ. ಮಗ್ಗಲಾಗಿ ಮಲಕೊಂಡ ಕುಡಿಸಬೇಕು. ಕೂಸಿನ ಬಾಯಿ ದೊಡ್ಡದಾಗಿ ತೆರೀಲಿ, ಆಮ್ಯಾಗ ಹಚ್ಚು. ತುದಿ ಅಷ್ಟ ಕೊಡಬ್ಯಾಡ, ಕರೀ ಭಾಗ ಬಾಯಾಗ ಹೋಗಬೇಕು." ಕೂಸು ಚೀಪದಿದ್ದರೆ ಹೆಬ್ಬೆರಳನ್ನು ಎಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಹೇಗೆ ಹಿಂಡಿ ಬಟ್ಟಲಿಗೆ ತೆಗೆಯಬೇಕು ಎಂಬುದನ್ನೂ ಕಲಿಸಿದರು. "ಮೊದಲನೇ ದಿನ ಕೂಸಿನ ಹೊಟ್ಟಿ ಬಾರಿಹಣ್ಣಿನಷ್ಟ ಇರ್ತದ ಯವ್ವಾ. ನಾಕು ಹನಿ ಬಂದ್ರ ಅದು ಹಬ್ಬದೂಟ."

ನನ್ನ ಹೆದರಿಕೆ ಹಾಲಿನದಲ್ಲ, ಅತ್ತೆಯದು. ನಮ್ಮ ಕಡೆ ಹುಟ್ಟಿದ ಕೂಸಿನ ನಾಲಿಗೆಗೆ ಯಾರು ಮೊದಲು ಬೆಲ್ಲದ ನೀರು ಮುಟ್ಟಿಸುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆ ಎನ್ನುತ್ತಾರೆ. ಅದಕ್ಕೆ ಗಂಡ, ಮಕ್ಕಳು, ಪುಣ್ಯ ಎಲ್ಲ ನೋಡಿ ಬೆರಳು ಆರಿಸುತ್ತಾರೆ. ಅತ್ತೆ ಆಗಲೇ ಯಾರ ಬೆರಳು ಎಂದು ಲೆಕ್ಕ ಹಾಕುತ್ತಿದ್ದರು. ನಾನು ಅತ್ತಾಗ ಆಶಾ ಅಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದರು: "ನೀ ಒಳಗ ಇರ್ತಿ. ನಾ ಬಾಗಲಾಗ ಇರ್ತೀನಿ. ನಿನ್ನ ಹಾಲಿಗಿಂತ ಮೊದಲ ಒಂದ್ ಬೆರಳು ಕೂಸಿನ ಬಾಯಿಗೆ ಹೋಗಂಗಿಲ್ಲ. ನನ್ ಮಾತು."

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ನನ್ನನ್ನು ವಾರ್ಡಿಗೆ ತಂದಾಗ ಮಧ್ಯಾಹ್ನ. ಆಶಾ ಅಕ್ಕ ಕೂಸನ್ನು ತಂದು ಬಗಲಲ್ಲಿ ಮಲಗಿಸಿದರು. ಕೂಸು ಬಾಯಿ ತೆರೆಯಲಿಲ್ಲ. ಅಂಗಾಲು ತಿಕ್ಕಿದೆವು, ಕಿವಿ ಸವರಿದೆವು. ನಿದ್ದೆ, ಬರೀ ನಿದ್ದೆ. ಸಂಜೆಗೂ ಅದೇ, ಮರುದಿನವೂ ಅದೇ. ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಹೊಲಿಗೆ ಹರಿಯುವಷ್ಟು ನೋವಾಗುತ್ತಿದ್ದರೂ ಹೊರಳಿ ಹೊರಳಿ ಹಚ್ಚಿದೆ. ಕೊನೆಗೆ ಆಶಾ ಅಕ್ಕನ ಕೈ ಹಿಡಿದು, "ನನ್ ಎದಿಯಾಗ ಏನೋ ಖೋಡಿ ಅದ ಅಕ್ಕಾ. ಮಗಾನೂ ಇದಕ್ಕ ಕುಡೀಲಿಲ್ಲೇನೋ" ಎಂದು ಬಿಕ್ಕಿದೆ. ಅವರು ನನ್ನ ಮುಖ ನೋಡಲಿಲ್ಲ. "ಕುಡೀತದ ಬಿಡು ಯವ್ವಾ, ಸಮಾಧಾನ ಮಾಡ್ಕೋ" ಎಂದು ಕಿಟಕಿಯ ಕಡೆ ತಿರುಗಿದರು. ಮೆಣಸಿನಕಾಯಿಯಂಥ ಬಾಯಿಯ ಹೆಂಗಸು ಒಂದೂವರೆ ದಿನ ಮೆತ್ತಗಿದ್ದದ್ದು ನನಗೆ ಆಗ ಹೊಳೆಯಲಿಲ್ಲ, ದಡ್ಡಿ.

ಬಾಯಿಬಿಟ್ಟದ್ದು ಪಕ್ಕದ ಮಂಚದ ಬಾಣಂತಿ. ರಾಯಚೂರಿನವಳೇ, ಮನೆಯಲ್ಲಿ ದಖ್ಖನಿ ಮಾತಾಡುವವಳು. "ಯಾಕ ಅಳ್ತೀರಿ ಅಕ್ಕಾ? ಕೂಸಿನ ಹೊಟ್ಟಿ ತುಂಬಿ ಅದ. ನೀವು ಕಣ್ಣು ಮುಚ್ಚಿದ್ರ ಸಾಕು, ನಿಮ್ ಅತ್ತಿ ಚಮಚಾದಾಗ ಬೆಲ್ಲದ ನೀರು ಹಾಕ್ತಾರ. ಆ ಗುಲಾಬಿ ಸೀರಿ ಅಕ್ಕಗೂ ಮಾಲೂಮ್ ಅದ. ಮೊದಲ ಬೆರಳು ಆಕೀದೇ ಅಂತ ನಿಮ್ ಅತ್ತಿ ಎಲ್ಲರಿಗೂ ಹೇಳಾಕತ್ತಾರ."

ಆಶಾ ಅಕ್ಕ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ಒಳಗೆ ಬಂದರು. "ಖರೇನಾ?" ಎಂದೆ.

ಅವರು ಸುಳ್ಳು ಹೇಳಲಿಲ್ಲ. ಫ್ಲಾಸ್ಕು ಕೆಳಗಿಟ್ಟು, ಮಂಚದ ಕಬ್ಬಿಣ ಹಿಡಿದು ನಿಂತರು. "ನೀ ಇನ್ನೂ ಒಳಗಿದ್ದಿ, ನಿಮ್ಮತ್ತಿ ಬೆಲ್ಲದ ನೀರಿನ ಬಟ್ಟಲ ನನ್ ಮುಂದ ಹಿಡದ್ರವ್ವಾ. 'ನೀನ ಮುಟ್ಟಸು, ನಿನ್ನಂಥ ಗುಣ ಬರಲಿ' ಅಂದ್ರು. ಇಷ್ಟು ವರ್ಷದಾಗ ಎಷ್ಟು ಕೂಸು ಎತ್ತೀನಿ. ಗಂಡ ಬಿಟ್ಟಾಕಿ, ಬಂಜಿ ಅಂತ ತೊಟ್ಟಲ ಹಗ್ಗಾನೂ ಮುಟ್ಟಗೊಡ್ಲಿಲ್ಲ ಮಂದಿ. ನನ್ ಗುಣ ಬರಲಿ ಅಂತ ಯಾರೂ ಅಂದಿದ್ದಿಲ್ಲ. ಕೈ ತಡೀಲಿಲ್ಲ. ಒಂದ ಹನಿ ಅಂತ ಮುಟ್ಟಸಿದೆ. ಆಮ್ಯಾಗ ನಿಮ್ಮತ್ತಿಗೆ ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲಿ ಉಳೀತು?"

"ನಾ ಅಳಾಕತ್ತಿದ್ದೆ. ನನ್ ಎದಿಗೆ ನಾನ ಬೈಕೊಳ್ಳಾಕತ್ತಿದ್ದೆ. ಆವಾಗರ ಹೇಳಬೇಕಿತ್ತಲ್ಲ?"

ಅವರು ಫ್ಲಾಸ್ಕನ್ನು ನನ್ನ ಮಂಚದ ಹತ್ತಿರ ಸರಿಸಿದರು. "ನಡೀರಿ ಹೊರಗ" ಎಂದೆ. ಚೀಲ ತೆಗೆದುಕೊಂಡು ಮಾನ್ವಿ ಬಸ್ಸಿಗೆ ಹೋದರು.

ಅತ್ತೆಯ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಆಮೇಲೆ ನನ್ನ ಗಂಡ ಕೇಳಿದರು. ಬಟ್ಟಲನ್ನು ಕಿತ್ತು ಮೋರಿಗೆ ಚೆಲ್ಲಿ, ವಾರ್ಡೆಲ್ಲ ಕೇಳುವಂತೆ ಬೈದೆ, ಅಲ್ಲಿಗೆ ಮುಗಿಯಿತು. ಅತ್ತೆ ನನಗೆ ಮಾತು ಕೊಟ್ಟಿರಲಿಲ್ಲ.

ಆ ಸಂಜೆ ಕೂಸು ಹಸಿದು ಕಿರುಚಿತು. ಬಿಸಿನೀರಲ್ಲಿ ಬಟ್ಟೆ ಅದ್ದಿ ಎದೆಗೆ ಶಾಖ ಕೊಟ್ಟುಕೊಂಡೆ. ಹೆಬ್ಬೆರಳು ಅವರು ತೋರಿಸಿದಲ್ಲೇ ಇಟ್ಟೆ, ಒತ್ತಿದೆ, ಹಿಂಡಿದೆ. ಹಳದಿ ಹನಿ ಬಂತು. ಅದನ್ನು ಕೂಸಿನ ತುಟಿಗೆ ಸವರಿ, ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ಮಗ್ಗಲಾಗಿ ಹಚ್ಚಿದೆ. ಹಿಡಿಯಿತು. ಗುಟುಕು ಇಳಿಯುವ ಸದ್ದು ಕೇಳಿಸಿತು. ಆ ಹೆಂಗಸಿಗೆ ಬೈಯುತ್ತ ಬೈಯುತ್ತಲೇ ಅವರು ಕಲಿಸಿದ ಒಂದೊಂದನ್ನೂ ಮಾಡಿದೆ. ಅಳು ಬಂತು, ಸಂತೋಷಕ್ಕೋ ಸಿಟ್ಟಿಗೋ ಗೊತ್ತಿಲ್ಲ.

ಮಾನ್ವಿಗೆ ಮರಳಿದ ಮೇಲೆ ಕೂಸನ್ನು ತೂಗಲು ಅವರು ಬರಲೇಬೇಕಿತ್ತು, ಅದು ಅವರ ಕೆಲಸ. ಹೊಸ್ತಿಲಲ್ಲೇ ನಿಂತು ತಕ್ಕಡಿ ಹಿಡಿದರು. ಫಾರ್ಮಿನಲ್ಲಿ ಇದ್ದ ಪ್ರಶ್ನೆಯನ್ನು ಓದಲೇಬೇಕಾಯಿತು: "ತಾಯಿ ಹಾಲು ಬಿಟ್ಟು ಕೂಸಿಗೆ ಬ್ಯಾರೆ ಏನರ ಕೊಟ್ಟೀರೇನು?"

"ನೀವ ಬರಕೋರಿ. ನಿಮಗ ಗೊತ್ತದಲ್ಲ" ಎಂದೆ.

ಅವರು ತಕ್ಕಡಿ ಕೆಳಗಿಟ್ಟು ಪೆನ್ನು ತೆಗೆದರು. ಆಮೇಲೆ "ಹೌದು, ಬೆಲ್ಲದ ನೀರು, ಆಶಾ ಕೊಟ್ಟಳು" ಎಂದು ಬರೆದು ನನಗೆ ತೋರಿಸಿದರು. ಹೊಡೆದುಹಾಕಿರಿ ಎನ್ನಬಹುದಿತ್ತು. ಅನ್ನಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಮೇಲಿನವರು ಎಲ್ಲರೆದುರು ಅವರ ನೀರಿಳಿಸಿದರೆಂದು ಕೇಳಿ ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ಆಮೇಲೂ ಎಷ್ಟೋ ಸಲ ಬಂದರು. ಒಂದು ಸಲವೂ ಒಳಗೆ ಬರ್ರಿ ಎನ್ನಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ. ನಮ್ಮ ಊರಲ್ಲಿ ವೈರಿಗೂ ಹಾಗೆ ಮಾಡುವುದಿಲ್ಲ.

ಹೋದ ವರ್ಷ ಆಶಾ ಅಕ್ಕ ಕಾಮಾಲೆಯಾಗಿ ತೀರಿಕೊಂಡರು. ಹೋಗಬಾರದು ಎಂದುಕೊಂಡೇ ಮಗಳನ್ನು ಎತ್ತಿಕೊಂಡು ಹೋದೆ. ಎರಡು ಕೋಣೆಯ ಮನೆ ತುಂಬ ತಾಯಂದಿರು. ಅವರ ಮುದಿ ತಾಯಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದವರು ಕಿವಿಯಲ್ಲಿ ಏನೋ ಹೇಳಿದ್ದೇ ಮುದುಕಿ ನನ್ನ ಸೆರಗು ಹಿಡಿದರು.

"ನನ್ ಮಗಳು ಬೆಲ್ಲ ಮುಟ್ಟಸಿದ ಕೂಸು ಇದೇ ಏನಬೇ? ದಿನಾ ಹೇಳ್ತಿದ್ದಳು. ಈ ಊರಾಗ ಅದೊಂದ ಕೂಸಿಗೆ ನನ್ ಬೆಲ್ಲದ ಬೆರಳು ತಾಗೇದವ್ವಾ ಅಂತಿದ್ದಳು." ಎರಡೂ ಕೈಯಲ್ಲಿ ನನ್ನ ಮಗಳ ಕೆನ್ನೆ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದರು. "ಆಕೀ ಗುಣ ಬಂದದೇನು?"

ಅಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆ ಒಂದೂವರೆ ದಿನವನ್ನು ಕ್ಷಮಿಸಿಯೂ ಇರಲಿಲ್ಲ, ಇವತ್ತಿಗೂ ಇಲ್ಲ. ಮುದುಕಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬಂದದ ಯವ್ವಾ" ಎಂದೆ. "ಭಾಳ ಬಂದದ."